ಇಂಟೆಲ್ ಯಂತ್ರದಲ್ಲಿ ‘ಎಎಂಡಿ64’ ಕಡತ

ಮಾನ್ಯರೇ, ಗಂಗಾವತಿಯ ರೈಸ್ ಮಿಲ್ ಕಚೇರಿಯಲ್ಲಿರುವ ಹಳೆಯ ವಿಂಡೋಸ್ 10 ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿದ ಪ್ರಿಂಟರ್ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ತೆರೆಯುತ್ತಿಲ್ಲ, ಕಡತದ ಹೆಸರಿನಲ್ಲಿ ‘ಎಎಂಡಿ64’ ಎಂದಿದೆ, ಪ್ರೊಸೆಸರ್ ಮಾತ್ರ ಇಂಟೆಲ್‌ನದು, ಅದೇ ಕಾರಣವೇ ಎಂದು ಕೇಳಿದ್ದೀರಿ. ಕಾರಣ ಅದಲ್ಲ. ‘ಎಎಂಡಿ64’ ಎಂಬುದು 64 ಬಿಟ್ ಪ್ರೊಸೆಸರ್ ವಿನ್ಯಾಸವೊಂದರ ಹೆಸರು; ಅದನ್ನು ರೂಪಿಸಿ 2003ರಲ್ಲಿ ಮಾರುಕಟ್ಟೆಗೆ ತಂದದ್ದು ಎಎಂಡಿ ಕಂಪನಿಯಾದ್ದರಿಂದ ಆ ಹೆಸರು ಉಳಿದುಕೊಂಡಿದೆ. ಮುಂದೆ ಇಂಟೆಲ್ ಕೂಡ ಅದನ್ನೇ ಅಳವಡಿಸಿಕೊಂಡಿತು.

ನೀವು ನೋಡಬೇಕಾದದ್ದು ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು. ‘ದಿಸ್ ಪಿಸಿ’ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆದರೆ ‘ಸಿಸ್ಟಮ್ ಟೈಪ್’ ಎಂಬ ಸಾಲಿನಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಪ್ರೊಸೆಸರ್ ಎರಡರ ವಿವರವೂ ಸಿಗುತ್ತದೆ. ಅಲ್ಲಿ ಆಪರೇಟಿಂಗ್ ಸಿಸ್ಟಮ್ 32 ಬಿಟ್, ಪ್ರೊಸೆಸರ್ ‘ಎಕ್ಸ್64’ (ಅಂದರೆ 64 ಬಿಟ್) ಎಂದಿದ್ದರೆ (ಕಡಿಮೆ ರ‍್ಯಾಮ್‌ನ ಹಳೆಯ ಯಂತ್ರಗಳಲ್ಲಿ ಇದು ಅಪರೂಪವೇನಲ್ಲ) ಪ್ರೊಸೆಸರಿಗೆ ಸಾಮರ್ಥ್ಯವಿದ್ದರೂ 64 ಬಿಟ್ ತಂತ್ರಾಂಶ ನಡೆಯುವುದಿಲ್ಲ. ಹೆಸರಿನಲ್ಲಿ ‘ಎಕ್ಸ್86’ ಎಂದಿರುವ, ಅಂದರೆ 32 ಬಿಟ್‌ನ, ಡ್ರೈವರನ್ನೇ ಇಳಿಸಿಕೊಳ್ಳಿ. ಒಂದು ಪ್ರಿಂಟರಿಗಾಗಿ ವಿಂಡೋಸನ್ನೇ ಹೊಸದಾಗಿ ಹಾಕಿಸುವುದು ನನ್ನ ಮಟ್ಟಿಗೆ ದಂಡದ ಕೆಲಸ.

ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳಬೇಕೆಂದರೆ ಡೌನ್‌ಲೋಡ್ಸ್ ಫೋಲ್ಡರಿನ ಹಳೆಯ ಸೆಟಪ್ ಕಡತಗಳನ್ನು ಅಳಿಸಬಹುದು, ಆದರೆ ಜಿಎಸ್‌ಟಿ ಮತ್ತು ಇ-ವೇ ಬಿಲ್ಲುಗಳ ಪಿಡಿಎಫ್‌ಗಳೂ ಸಾಮಾನ್ಯವಾಗಿ ಅಲ್ಲೇ ಬಿದ್ದಿರುವುದರಿಂದ ಮೊದಲು ಅವುಗಳನ್ನು ಬೇರೆಡೆಗೆ ಸರಿಸಿರಿ. ವಿಂಡೋಸ್‌ನದೇ ಆದ ‘ಸಿಸ್ಟಮ್32’ ಫೋಲ್ಡರನ್ನು ಮಾತ್ರ ಮುಟ್ಟಲೇಬೇಡಿ. ಹೆಸರಿನಲ್ಲಿ 32 ಇದ್ದ ಮಾತ್ರಕ್ಕೆ ಅದು ಹಳೆಯ ಕಸವಲ್ಲ: 64 ಬಿಟ್ ವಿಂಡೋಸ್‌ನಲ್ಲಿ 64 ಬಿಟ್‌ನ ಮುಖ್ಯ ಕಡತಗಳು ಇರುವುದೇ ಅಲ್ಲಿ, 32 ಬಿಟ್‌ನವು ‘ಸಿಸ್‌ವಾವ್64’ ಎಂಬ ಫೋಲ್ಡರಿನಲ್ಲಿರುತ್ತವೆ.