ಸ್ಕ್ಯಾನ್ ನಾರ್ಮಲ್ ಬಂದಿದೆ, ಭಾನುವಾರ ಆಡಿಸಬಹುದೇ?

ಪ್ರಶ್ನೆ: ಮಗಳಿಗೆ 13 ವರ್ಷ. ಆರು ದಿನದ ಹಿಂದೆ ಫುಟ್‌ಬಾಲ್ ಆಡುವಾಗ ಚೆಂಡಿಗೆ ತಲೆ ಕೊಡಲು ಹಾರಿದವಳ ತಲೆ ಇನ್ನೊಬ್ಬಳ ತಲೆಗೆ ಬಡಿಯಿತು. ಎಚ್ಚರ ತಪ್ಪಲಿಲ್ಲ. ಅರ್ಧ ಗಂಟೆ ಮಂಕಾಗಿದ್ದಳು, ಒಮ್ಮೆ ವಾಂತಿಯಾಯಿತು. ಸಿ.ಟಿ. ಸ್ಕ್ಯಾನ್ ನಾರ್ಮಲ್. ಈಗ ಸಂಜೆಯಾದರೆ ತಲೆನೋವು, ಓದಲು ಕೂತರೆ ಸಿಡುಕು. ಭಾನುವಾರ ಪಂದ್ಯವಿದೆ. ಸ್ಕ್ಯಾನ್ ಸರಿ ಇದ್ದರೆ ಆಡಬಹುದು ಎನ್ನುತ್ತಾರೆ ಕೋಚ್. ಕಳಿಸಲೇ?

ಉತ್ತರ: ಕಳಿಸಬೇಡಿ. ಮಗುವಿನ ಹೆಸರು, ಆಟದ ಹೆಸರು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ‘ಸ್ಕ್ಯಾನ್ ನಾರ್ಮಲ್’ ಎಂಬ ಮಾತೇ ದಾರಿ ತಪ್ಪಿಸಿರುತ್ತದೆ. ಸಿ.ಟಿ. ಮಾಡುವುದು ರಕ್ತಸ್ರಾವ ಮತ್ತು ಬುರುಡೆಯ ಬಿರುಕನ್ನು ಹುಡುಕಲು. ನಿಮ್ಮ ಮಗಳ ಲಕ್ಷಣಗಳು ಕನ್ಕಶನ್‌ನವು, ಅಂದರೆ ಏಟಿಗೆ ಮೆದುಳು ಅಲುಗಿ ಅದರ ಕೆಲಸ ಕೆಲಕಾಲ ಏರುಪೇರಾಗುವುದು. ಅದು ಸಿ.ಟಿ.ಯಲ್ಲಿ ಕಾಣುವುದಿಲ್ಲ. ಏಟಿನ ರಭಸಕ್ಕೆ ಮೆದುಳು ಬುರುಡೆಯೊಳಗೆ ಅಲುಗಿ ತಿರುಚಿದಾಗ ನರಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಸರಿಪಡಿಸಿಕೊಳ್ಳಲು ಕೋಶಗಳಿಗೆ ಹೆಚ್ಚು ಗ್ಲೂಕೋಸ್ ಬೇಕು. ಅದೇ ಹೊತ್ತಿಗೆ ಮೆದುಳಿಗೆ ರಕ್ತದ ಹರಿವು ತಗ್ಗಿರುತ್ತದೆ. ಮಗಳು ಪುಸ್ತಕ ಹಿಡಿದರೆ ಸಿಡುಕುವುದು ಈ ಕೊರತೆಯಿಂದ, ಸೋಮಾರಿತನದಿಂದಲ್ಲ. ಎಚ್ಚರ ತಪ್ಪಲಿಲ್ಲ ಎಂಬ ಸಮಾಧಾನವೂ ಬೇಡ. ಬಹುಪಾಲು ಕನ್ಕಶನ್‌ಗಳಲ್ಲಿ ಎಚ್ಚರ ತಪ್ಪುವುದೇ ಇಲ್ಲ.

ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲ್ ಟಿವಿ ಆದಷ್ಟು ಕಡಿಮೆ. ಆ ಅವಧಿ ನಿಮಗೆ ಮುಗಿದಿದೆ. ಇನ್ನು ಅವಳನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿಡಬೇಡಿ, ವಾರಗಟ್ಟಲೆ ಹಾಗೆ ಮಲಗಿಸಿದರೆ ಚೇತರಿಕೆ ತಡವಾಗುತ್ತದೆ. ಈಗ ನಡೆದಾಡಲಿ. ಓದು 20 ನಿಮಿಷ, ಆಮೇಲೆ ಬಿಡುವು. ಶಾಲೆ ಮೊದಲು ಅರ್ಧ ದಿನ, ಪರೀಕ್ಷೆ ಸದ್ಯಕ್ಕಿಲ್ಲ. ಇಡೀ ದಿನದ ಶಾಲೆ ತಡೆದುಕೊಳ್ಳಲಾಗದ ಮೆದುಳನ್ನು ಮೈದಾನಕ್ಕೆ ಕಳಿಸುವ ಮಾತೇ ಬರಬಾರದು.

ಆಟಕ್ಕೆ ಮರಳಲು ಆರು ಹಂತ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಒಪ್ಪಿದ ಕ್ರಮವಿದು, ಒಂದೊಂದಕ್ಕೂ ಕನಿಷ್ಠ 24 ಗಂಟೆ. ಮೊದಲನೆಯದು ದಿನನಿತ್ಯದ ಓಡಾಟ. ಎರಡನೆಯದು ಒಂದೇ ಕಡೆ ನಿಂತ ಸೈಕಲ್ ಅಥವಾ ಬಿರುನಡಿಗೆ. 13ರ ವಯಸ್ಸಿಗೆ ಗರಿಷ್ಠ ನಾಡಿ ಬಡಿತ 207 (220ರಲ್ಲಿ ವಯಸ್ಸನ್ನು ಕಳೆಯಿರಿ). ಅದರ ಶೇ. 55, ಅಂದರೆ ನಿಮಿಷಕ್ಕೆ ಸುಮಾರು 114ರವರೆಗೆ ಮೊದಲು, ಅದು ಒಗ್ಗಿದ ಮೇಲೆ 145ರವರೆಗೆ. ಮೂರನೆಯದು ಒಬ್ಬಳೇ ಓಟ, ದಿಕ್ಕು ಬದಲಿಸುವುದು. ನಾಲ್ಕನೆಯದು ತಂಡದೊಡನೆ ಪಾಸ್ ಅಭ್ಯಾಸ, ಮೈಗೆ ಮೈ ತಾಗಬಾರದು. ಐದನೆಯದು ಪೂರ್ತಿ ಅಭ್ಯಾಸ. ಆರನೆಯದು ಪಂದ್ಯ.

ಎಡವುವುದು ಎಲ್ಲಿ ಗೊತ್ತೇ? ಲಕ್ಷಣ ಅಳೆಯುವುದರಲ್ಲಿ. ‘ನೋವಿದೆಯಾ?’ ಎಂದು ಕೇಳಿದರೆ ತಂಡದಲ್ಲಿ ಜಾಗ ಹೋದೀತೆಂಬ ಭಯಕ್ಕೆ ಮಕ್ಕಳು ಇಲ್ಲ ಎನ್ನುತ್ತಾರೆ. ಸೊನ್ನೆಯಿಂದ 10ರೊಳಗೆ ಒಂದು ಅಂಕಿ ಕೇಳಿ, ವ್ಯಾಯಾಮಕ್ಕೆ ಮುಂಚೆ ಮತ್ತು ನಂತರ ಬರೆದಿಡಿ. ಅಂಕಿ ಎರಡಕ್ಕಿಂತ ಹೆಚ್ಚು ಏರದೆ ಗಂಟೆಯೊಳಗೆ ಇಳಿದರೆ ಅಡ್ಡಿಯಿಲ್ಲ. ಮೀರಿದರೆ ಅವತ್ತಿಗೆ ನಿಲ್ಲಿಸಿ ನಾಳೆ ಮತ್ತೆ ನೋಡಿ. ಈ ರಿಯಾಯಿತಿ ಮೂರನೇ ಹಂತದವರೆಗೆ ಮಾತ್ರ. ನಾಲ್ಕಕ್ಕೆ ಕಾಲಿಡುವಾಗ ಬೆವರು ಸುರಿಸಿದ ಮೇಲೂ ಲಕ್ಷಣ ಸೊನ್ನೆ ಇರಬೇಕು, ವೈದ್ಯರ ಒಪ್ಪಿಗೆ ಬರಹದಲ್ಲಿರಬೇಕು. ಅಭ್ಯಾಸಕ್ಕೆ ಮುಂಚೆ ಪ್ಯಾರಾಸಿಟಮಾಲ್ ನುಂಗಿಸಿ ಕಳಿಸುವವರಿದ್ದಾರೆ. ನೋವು ಅಡಗುತ್ತದೆ, ಗಾಯ ಅಲ್ಲೇ ಇರುತ್ತದೆ.

ಇಷ್ಟು ಬಿಗಿ ಯಾಕೆಂದರೆ ಎರಡನೇ ಏಟಿನ ಭಯ. ಮಾಯದ ಮೆದುಳಿಗೆ ಸಣ್ಣ ಪೆಟ್ಟು ಬಿದ್ದರೂ ವಾರದ ತೊಂದರೆ ತಿಂಗಳುಗಳಾಗುತ್ತದೆ. ಅಪರೂಪಕ್ಕೆ ಹದಿಹರೆಯದವರಲ್ಲಿ ಮೆದುಳು ನಿಮಿಷಗಳಲ್ಲಿ ಊದಿಕೊಂಡು ಜೀವವೇ ಹೋಗುತ್ತದೆ. ಈ ವಿಷಯದಲ್ಲಿ ನಾನು ಅತಿ ಎಚ್ಚರ ಅಂತ ಕೋಚ್‌ಗಳು ದೂರುತ್ತಾರೆ, ದೂರಲಿ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ. ಹೋಗದಿದ್ದರೆ ಕುತ್ತಿಗೆ, ಕಣ್ಣು, ಸಮತೋಲನ ಮೂರನ್ನೂ ಪರೀಕ್ಷಿಸುವ ತಜ್ಞರ ಬಳಿ ಹೋಗಿ. ಎಷ್ಟೋ ಸಲ ಉಳಿದ ತಲೆನೋವಿನ ಬೇರು ಕುತ್ತಿಗೆಯಲ್ಲಿರುತ್ತದೆ, ಫಿಸಿಯೊಥೆರಪಿಗೆ ಬಗ್ಗುತ್ತದೆ.

ಪ್ರಶ್ನೆ: ದುಬಾರಿ ಹೆಲ್ಮೆಟ್ ಕೊಡಿಸಿದರೆ ಕನ್ಕಶನ್ ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗೆ ಮೆದುಳು ಅಲುಗುವುದನ್ನು ಪೂರ್ತಿ ತಡೆಯಲಾರದು. ಹೆಲ್ಮೆಟ್ ತೊಟ್ಟವರ ಕ್ರಿಕೆಟ್‌ನಲ್ಲೂ 2019ರಲ್ಲಿ ಐಸಿಸಿ ಕನ್ಕಶನ್‌ಗೆಂದೇ ಬದಲಿ ಆಟಗಾರನನ್ನು ಒಪ್ಪಿದ್ದು ಸುಮ್ಮನೆಯಲ್ಲ.

ಪ್ರಶ್ನೆ: ನರ ಎಳೆದು ಸರಿಮಾಡುವವರ ಬಳಿ ಕರೆದೊಯ್ಯಲೇ? ಮೆದುಳಿನ ಟಾನಿಕ್ ಯಾವುದು ಒಳ್ಳೆಯದು?

ಉತ್ತರ: ತಲೆಗೆ ಏಟು ಬಿದ್ದಾಗ ಕುತ್ತಿಗೆಯ ಮೂಳೆಗೂ ಪೆಟ್ಟಾಗಿರಬಹುದು. ಅಂಥ ಕುತ್ತಿಗೆಯನ್ನು ಹಿಡಿದು ತಿರುಗಿಸುವವನು ಕೈಕಾಲು ಬಿದ್ದುಹೋಗುವಂತೆ ಮಾಡಬಲ್ಲ. ಕನ್ಕಶನ್ ವಾಸಿಮಾಡುವ ಟಾನಿಕ್ ಒಂದೂ ಇಲ್ಲ. ಮಾರುವವರಿಗೂ ಅದು ಗೊತ್ತು.

ಪ್ರಶ್ನೆ: ಚೆಂಡು ಮಗನ ಕಿವಿಯ ಮುಂಭಾಗಕ್ಕೆ, ಕಣತಲೆಯ ಮೇಲೆ ಬಡಿಯಿತು. ಎರಡು ಗಂಟೆ ಚೆನ್ನಾಗಿದ್ದ. ಈಗ ತಲೆನೋವು ಹೆಚ್ಚುತ್ತಿದೆ, ಮಂಪರು. ಮಲಗಿಸಿ ಬೆಳಿಗ್ಗೆ ನೋಡಲೇ?

ಉತ್ತರ: ಇಂಥದ್ದಕ್ಕೆ ಪತ್ರ ಬರೆದು ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಅಲ್ಲಿ ಬುರುಡೆ ತೆಳು, ಅದರ ಒಳಮೈಗೆ ಅಂಟಿಕೊಂಡೇ ಒಂದು ರಕ್ತನಾಳ ಹರಿಯುತ್ತದೆ. ಅದು ಹರಿದರೆ ಮಗು ಕೆಲವು ಗಂಟೆ ಲವಲವಿಕೆಯಿಂದಿದ್ದು ಆಮೇಲೆ ಕುಸಿಯುತ್ತದೆ. ಮತ್ತೆ ಮತ್ತೆ ವಾಂತಿ, ಫಿಟ್ಸ್, ತೊದಲು, ಕೈಕಾಲಿನ ಬಲ ಕುಗ್ಗುವುದು, ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು, ಮೂಗು ಕಿವಿಯಿಂದ ನೀರಿನಂಥ ದ್ರವ, ಇವುಗಳಲ್ಲಿ ಒಂದೇ ಕಂಡರೂ ಹಾಗೆಯೇ. ತಜ್ಞರು ಪರೀಕ್ಷಿಸಿ ಮನೆಗೆ ಕಳಿಸಿದ ಮಗು ನಿದ್ದೆ ಮಾಡಲಿ, ಅದಕ್ಕೆ ನಿದ್ದೆ ಬೇಕು. ನಿಮ್ಮ ಮಗನದು ಆ ನಿದ್ದೆಯಲ್ಲ. ಬಾಯಿಗೆ ನೀರೂ ಹಾಕಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಏಟು ಬಿದ್ದದ್ದು ಎಷ್ಟು ಗಂಟೆಗೆ, ಮಂಪರು ಶುರುವಾದದ್ದು ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅಲ್ಲಿ ಮೊದಲು ಕೇಳುವುದು ಅದನ್ನೇ.