ಡೆಸ್ಕ್‌ಟಾಪ್ ಗಡಿಯಾರ ವಿಜೆಟ್‌ನಲ್ಲಿ ಮುಳ್ಳು ತಿರುಗಿಸಲು 60 ಚಿತ್ರ ಬೇಕೇ?

ಬೇಡ, ಮುಳ್ಳಿಗೆ ಒಂದೇ ಚಿತ್ರ ಸಾಕು, ಅದನ್ನೇ ತಿರುಗಿಸಬಹುದು.

ವಿಜೆಟ್ ಎಂದರೆ ಚೌಕಟ್ಟಿಲ್ಲದ, ಹಿನ್ನೆಲೆ ಪಾರದರ್ಶಕವಾದ ಪುಟ್ಟ ಕಿಟಕಿ. ಒಳಗೆ ಕೆಲವು ಪಿಎನ್‌ಜಿ (ಪಾರದರ್ಶಕ ಹಿನ್ನೆಲೆ ಇರಬಲ್ಲ) ಚಿತ್ರಗಳು, ಅವನ್ನು ಆಡಿಸುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್. 2003ರ ವಿಜೆಟ್ ತಂತ್ರಾಂಶ ಕಾನ್‌ಫ್ಯಾಬ್ಯುಲೇಟರ್ ಇದಕ್ಕೆ ಎಕ್ಸ್‌ಎಂಎಲ್ ಮತ್ತು ಜಾವಾಸ್ಕ್ರಿಪ್ಟ್ ಭಾಷೆಗಳನ್ನು ಬಳಸುತ್ತಿತ್ತು. 2005ರಲ್ಲಿ ಬಂದ ಆಪಲ್‌ನ ಡ್ಯಾಶ್‌ಬೋರ್ಡ್ ವಿಜೆಟ್‌ಗಳಂತೂ ಮೂಲತಃ ವೆಬ್ ಪುಟಗಳೇ ಆಗಿದ್ದವು.

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಪ್ಪನಿಗೆಂದು ಕನ್ನಡ ಅಂಕಿಗಳ ಗಡಿಯಾರ ಮಾಡಿದಾಗ ನಾನು ಎಡವಿದ್ದು ಎರಡು ಕಡೆ. ಮೊದಲನೆಯದು ತಿರುಗುಬಿಂದು. ವೆಬ್ ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ನೀವೇನೂ ಹೇಳದಿದ್ದರೆ ಚಿತ್ರ ತನ್ನ ನಡುವಿನ ಸುತ್ತ ತಿರುಗುತ್ತದೆ. ನನ್ನ ಮುಳ್ಳು ಫ್ಯಾನಿನ ರೆಕ್ಕೆಯಂತೆ ಗಿರಗಿರನೆ ಸುತ್ತಿತು, ಅಪ್ಪ ನಕ್ಕರು. ತಿರುಗುಬಿಂದುವನ್ನು ಮುಳ್ಳಿನ ಬುಡಕ್ಕೆ ಇಟ್ಟ ಮೇಲೆ ಸರಿಹೋಯಿತು.

ಎರಡನೆಯ ತಪ್ಪು ಇನ್ನೂ ಮೋಸದ್ದು. ಟೈಮರ್ ಪ್ರತಿ ಸೆಕೆಂಡಿಗೆ ಎದ್ದಾಗಲೆಲ್ಲ 6 ಡಿಗ್ರಿ ಕೂಡಿಸುತ್ತ ಹೋದೆ. ಟೈಮರ್ ಕರಾರುವಾಕ್ಕಲ್ಲ, ಕಂಪ್ಯೂಟರ್ ನಿದ್ದೆಗೆ ಜಾರಿದರೆ ಅದೂ ನಿಲ್ಲುತ್ತದೆ. ಹೀಗೆ ಹಿಂದೆ ಬಿದ್ದ ಗಡಿಯಾರವನ್ನು ನಂಬಿ ಒಮ್ಮೆ 7.42ರ ಲೋಕಲ್ ರೈಲು ತಪ್ಪಿಸಿಕೊಂಡೆ. ಕೂಡಿಸಬೇಡಿ, ಪ್ರತಿ ಸಲವೂ ಸಿಸ್ಟಮ್‌ನ ಸಮಯ ಓದಿ ಕೋನ ಲೆಕ್ಕ ಹಾಕಿ: ಸೆಕೆಂಡನ್ನು 6ರಿಂದ ಗುಣಿಸಿದರಾಯಿತು. ನಿಮಿಷದ ಮುಳ್ಳಿಗೆ ನಿಮಿಷವನ್ನು 6ರಿಂದ ಗುಣಿಸಿ, ಸೆಕೆಂಡುಗಳ ಸಂಖ್ಯೆಯ ಹತ್ತನೇ ಒಂದು ಭಾಗ ಸೇರಿಸಿ. ಆಗ ಅದು ಜಿಗಿಯದೆ ತೆವಳುತ್ತದೆ.

ಚಲನೆ ನಯವಾಗಲೆಂದು ಸಿಎಸ್‌ಎಸ್‌ನ ಟ್ರಾನ್ಸಿಷನ್ (ಒಂದು ಕೋನದಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಸುವ ಸೌಲಭ್ಯ) ಹಾಕಿದರೆ 354 ಡಿಗ್ರಿಯಿಂದ ಸೊನ್ನೆಗೆ ಬರುವಾಗ ಮುಳ್ಳು ಇಡೀ ಸುತ್ತು ಹಿಂದಕ್ಕೆ ಓಡುತ್ತದೆ. ಆ ಒಂದು ಸೆಕೆಂಡಿನ ಮಟ್ಟಿಗೆ ಟ್ರಾನ್ಸಿಷನ್ ತೆಗೆದುಬಿಡಿ.