ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತಾ?

ನಮಸ್ಕಾರ ಅಕ್ಕಾ,

ಪೆಟ್ರೋಲ್ ದರ ಏರಿದಾಗಿನಿಂದ ನಿಮ್ಮ ರಾಯರು ಬೆಳಗಾವಿಯಿಂದ ಪುಣೆಗೆ ಬರುವಾಗ ಕಾತ್ರಜ್‌ನ ಹೊಸ ಸುರಂಗ ದಾಟಿದ ಕೂಡಲೇ ಕಾರನ್ನು ನ್ಯೂಟ್ರಲ್‌ಗೆ ಹಾಕುತ್ತಾರೆ, ನವಲೆ ಸೇತುವೆವರೆಗೂ ಇಳಿಜಾರು, ಫುಕಟ್ ಸವಾರಿ ಅನ್ನುತ್ತಾರೆ ಎಂದು ಬರೆದಿದ್ದೀರಿ. ನಿಮಗೋ ಜೀವ ಕೈಯಲ್ಲಿ. ಇದರಿಂದ ನಿಜಕ್ಕೂ ಪೆಟ್ರೋಲ್ ಉಳಿಯುತ್ತಾ ಎಂಬುದು ನಿಮ್ಮ ಪ್ರಶ್ನೆ.

ಇಲ್ಲ. ಅದು ಕಾರ್ಬ್ಯುರೇಟರ್ ಕಾಲದ ಲೆಕ್ಕ. ಈಗಿನ ಕಾರು ಗೇರ್‌ನಲ್ಲಿದ್ದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು. ಜೊತೆಗೆ ಕಾರನ್ನು ತಡೆಯುವ ಕೆಲಸವೆಲ್ಲ ಬ್ರೇಕ್ ಮೇಲೆ. ಅದು ಕಾದರೆ ಹಿಡಿಯುವುದಿಲ್ಲ. ಎಂಜಿನ್ನೇ ಆಫ್ ಮಾಡಿದರಂತೂ ಪೆಡಲ್ ಕಲ್ಲಾಗುತ್ತದೆ. 2022ರ ನವೆಂಬರ್‌ನಲ್ಲಿ ಇದೇ ಇಳಿಜಾರಿನಲ್ಲಿ ಒಂದು ಲಾರಿ ಹತ್ತಾರು ಗಾಡಿಗಳಿಗೆ ಗುದ್ದಿತ್ತಲ್ಲ, ಚಾಲಕ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿದ್ದ ಎಂದೇ ಆಗ ಸುದ್ದಿಯಾಗಿತ್ತು.

ರಾಯರನ್ನು ಸುಮ್ನೆ ಬೈಯಲಾರೆ. ಅದೇ ವರ್ಷ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಪೆಟ್ರೋಲ್ ಲೀಟರ್‌ಗೆ 120 ರೂಪಾಯಿ ಹತ್ತಿರ ಹೋದಾಗ ನಾನೂ ಜಾಣನಾಗಿದ್ದೆ. ಟ್ಯಾಂಕ್ ತುಂಬಿಸುವುದು ಬಿಟ್ಟು ಮರಾಠಿಯಲ್ಲಿ 'ಪಾಚ್‌ಶೇಚಾ ಟಾಕ್' (ಐನೂರರದ್ದು ಹಾಕು) ಅನ್ನತೊಡಗಿದೆ. 100 ಇದ್ದಾಗ ಐದು ಲೀಟರ್ ಬರುತ್ತಿದ್ದ ಐನೂರಕ್ಕೆ ನಾಲ್ಕು ಚಿಲ್ಲರೆ ಬಂತು. ಜೇಬಿಗೆ ಏನೂ ತಿಳಿಯಲಿಲ್ಲ, ಪಂಪಿಗೆ ಹೋಗುವುದು ಮಾತ್ರ ಜಾಸ್ತಿಯಾಯಿತು! ಊರಿಂದ ಬರುವಾಗ, ಕರ್ನಾಟಕದಲ್ಲಿ ಅಗ್ಗ ಅಂತ, ಗಡಿ ದಾಟುವ ಮೊದಲು ನಿಪ್ಪಾಣಿಯಲ್ಲಿ ಟ್ಯಾಂಕ್ ತುಂಬಿಸುವ ಚಟವೂ ಇತ್ತು. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ಮೇಲೆ 3 ರೂಪಾಯಿ ಏರಿಸಿದ ಮೇಲೆ ಆ ಲಾಭವೂ ಸೊರಗಿತು. ಆದರೂ ಕೈ ತಾನಾಗಿ ಸ್ಟೀರಿಂಗ್ ಎಡಕ್ಕೆ ತಿರುಗಿಸುತ್ತದೆ.

ದರ ಏರಿದಾಗ ನಾವು ಇಂಥ ಕೈಚಳಕಗಳನ್ನೇ ಹುಡುಕುತ್ತೇವೆ, ವೇಗ ಮಾತ್ರ ಇಳಿಸುವುದಿಲ್ಲ. 80ರ ಬದಲು 100ರಲ್ಲಿ ಓಡಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಆಗುತ್ತದೆ. ಸಾತಾರಾ ದಾಟಿದ ಮೇಲೆ ರಾಯರು ಎಷ್ಟರಲ್ಲಿ ಹೋಗುತ್ತಾರೆ ಎಂದು ನೀವು ಬರೆದಿಲ್ಲ. ಟೈರಿನ ಗಾಳಿ ನೋಡಿಸಿ ಎಷ್ಟು ದಿನವಾಯಿತು, ಅದನ್ನೂ ಕೇಳಿ.

ಮುಂದಿನ ಸಲ ಸುರಂಗ ದಾಟಿದ ಮೇಲೆ ಮೂರನೇ ಗೇರ್‌ನಲ್ಲಿ ಇಳಿಸಲು ಹೇಳಿ. ಎಂಜಿನ್ ಗುರ್ ಅನ್ನುತ್ತದೆ. 'ನೋಡು, ಕುಡೀತಾ ಇದೆ' ಅಂದೇ ಅನ್ನುತ್ತಾರೆ. ಕಾರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಮೀಟರ್ ಇದ್ದರೆ ಆಗ ಅದರ ಕಡೆ ಬೆರಳು ತೋರಿಸಿ. ಮೀಟರ್ ಏನು ಹೇಳಿತು ಅಂತ ನಮಗೂ ಬರೀರಿ.

— ಸಂ.